ಕೀಲಿಕೈ ಕಳ್ಳನ ಕೈಯಲ್ಲಿ



ನಮ್ಮ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯಲ್ಲಿ 2025ರ ಮೇ ತಿಂಗಳ ಕೊನೆಗೆ ಕೆನರಾ ಬ್ಯಾಂಕ್ ಶಾಖೆ ಕಳುವಾದದ್ದನ್ನು ಈ ಕಡೆಯ ಹೆಣ್ಣುಮಕ್ಕಳು ಇನ್ನೂ ಮರೆತಿಲ್ಲ. ಜನ ಅಡವಿಟ್ಟಿದ್ದ ಸುಮಾರು 59 ಕಿಲೋ ಬಂಗಾರ ವಾರದ ಕೊನೆಯ ರಜೆಯಲ್ಲಿ ಮಾಯವಾಗಿತ್ತು. ನಕಲಿ ಕೀಲಿಕೈ ಬಳಸಿದ್ದರೆಂದು ಪೊಲೀಸರು ಹೇಳಿದರು; ಹಲವರನ್ನು ಹಿಡಿದು ಬಹಳಷ್ಟು ಬಂಗಾರವನ್ನು ವಶಕ್ಕೂ ತೆಗೆದುಕೊಂಡರು. ಆ ದಿನಗಳಲ್ಲಿ ನಳದ ಹತ್ತಿರ, ಗಿರಣಿಯ ಹತ್ತಿರ, ಎಲ್ಲಿ ನಿಂತರೂ ಒಂದೇ ಮಾತು: "ನಮ್ಮ ಪಾಟಲಿ ಅದಾವೋ, ಹೋದವೋ?"

ಇವತ್ತು ನಾನು ಬರೆಯಹೊರಟಿರುವ ಕಳ್ಳನ ರೀತಿಯೇ ಬೇರೆ. ಅವನು ನಿಮ್ಮ ತಿಜೋರಿಯಿಂದ ಏನನ್ನೂ ಒಯ್ಯಬೇಕಾಗಿಲ್ಲ. ಬಂಗಾರ ಇದ್ದಲ್ಲೇ ಇರುತ್ತದೆ. ತಿಜೋರಿಗೆ ತನ್ನದೊಂದು ಕೀಲಿ ಜಡಿದು, "ಕೀಲಿಕೈ ಬೇಕಾದರೆ ಇಷ್ಟು ರೊಕ್ಕ ಕಳಿಸು" ಎಂದು ಚೀಟಿ ಬರೆದಿಟ್ಟು ಹೋಗುತ್ತಾನೆ. ಕಂಪ್ಯೂಟರಿಗೆ ಹೀಗೆ ಕೀಲಿ ಜಡಿಯುವ ದುಷ್ಟ ಪ್ರೋಗ್ರಾಮಿಗೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ರ‍್ಯಾನ್ಸಮ್ ಎಂದರೆ ಒತ್ತೆಹಣ.

ಮುದ್ದೇಬಿಹಾಳದ ಸೋದರಿಯೊಬ್ಬರು ಪತ್ರ ಬರೆದು, "ನಮ್ಮ ಸ್ವಸಹಾಯ ಸಂಘದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದೇವೆ. ಈ ಪೀಡೆಯ ಹೆಸರು ಕೇಳಿದಾಗಿನಿಂದ ಜೀವಕ್ಕೆ ಸಮಾಧಾನವಿಲ್ಲ. ನಮಗೆ ತಿಳಿಯುವ ಹಾಗೆ ಬರೆಯಿರಿ" ಎಂದು ಕೇಳಿದ್ದಾರೆ. ಬರೆಯಲು ನನಗೂ ಕಾರಣವಿದೆ. ಇದು ನಮ್ಮ ಮನೆಗೇ ಬಂದು ಹೋದ ಸಂಕಟ.

ಅಣ್ಣನ ದನಿ

2022ರ ಮೇ ತಿಂಗಳಲ್ಲಿ ನಮ್ಮ ಅಣ್ಣನ ಮಗಳ ಮದುವೆಯಾಯಿತು. ಅಣ್ಣ ಫೋಟೋ ಎಂದರೆ ಮಾರು ದೂರ ಸರಿಯುವ ಮನುಷ್ಯ. ಅಂದು ಮಾತ್ರ ಮಗಳನ್ನು ಕಳಿಸಿಕೊಡುವಾಗ ಬೀಗರ ಕೈ ಹಿಡಿದುಕೊಂಡು ನಾಲ್ಕು ಮಾತಾಡಿದ. ವಿಡಿಯೋದವರು ಅದನ್ನು ಹಿಡಿದಿದ್ದರು. ಆಗಸ್ಟ್ ತಿಂಗಳಲ್ಲಿ ಅಣ್ಣ ಹೃದಯಾಘಾತದಿಂದ ತೀರಿಕೊಂಡ. ಆ ದುಃಖದಲ್ಲಿ ಅಲ್ಬಮ್ ಯಾರಿಗೆ ನೆನಪಾದೀತು? ದೀಪಾವಳಿ ಮುಗಿದ ಮೇಲೆ ಹುಡುಗಿ, "ಅತ್ಯಾ, ಅಪ್ಪನ ದನಿ ಕೇಳಬೇಕನಸೈತಿ" ಎಂದಳು. ಇಬ್ಬರೂ ಸ್ಟುಡಿಯೋಕ್ಕೆ ಹೋದೆವು.

ಸ್ಟುಡಿಯೋದ ಹುಡುಗ ನಮ್ಮನ್ನು ನೋಡಿ ಎದ್ದು ನಿಂತ. ಮುಖ ಇಳಿದಿತ್ತು. "ಅಕ್ಕಾರ, ಫೋಟೋ ಅದಾವ್ರಿ, ವಿಡಿಯೋನೂ ಐತ್ರಿ. ಆದರ ಒಂದೂ ತೆರೀವಲ್ವು" ಎಂದ. ಪರದೆಯ ಮೇಲೆ ನೋಡಿದರೆ ನಿಜ, ಒಂದೊಂದು ಫೋಟೋದ ಹೆಸರಿಗೂ ನಾಲ್ಕು ಅಕ್ಷರದ ಅರ್ಥವಿಲ್ಲದ ಬಾಲ ಹತ್ತಿಕೊಂಡಿತ್ತು. ಜೊತೆಗೊಂದು ಚೀಟಿ, ಇಂಗ್ಲಿಷಿನಲ್ಲಿ: 980 ಡಾಲರ್ ಕೊಡಬೇಕು, ಮೂರು ದಿನದೊಳಗೆ ಮಾತಾಡಿದರೆ ಅರ್ಧ. ಅರ್ಧವೆಂದರೂ ನಮ್ಮ ಲೆಕ್ಕದಲ್ಲಿ ಸುಮಾರು ನಲವತ್ತು ಸಾವಿರ ರೂಪಾಯಿ.

ಆದದ್ದಿಷ್ಟು. ಫೋಟೋ ತಿದ್ದುವ ಸಾಫ್ಟ್‌ವೇರ್‌ಗೆ ಹಣ ಕೊಡಬೇಕಾಗುತ್ತದೆಂದು ಆತ ಅದರ ಪುಕ್ಕಟೆ ಕಳ್ಳಪ್ರತಿಯನ್ನು ಅಂತರಜಾಲದಿಂದ ಇಳಿಸಿಕೊಂಡಿದ್ದ. ವೈರಸ್ ತಡೆಯುವ ಪ್ರೋಗ್ರಾಮು ಎಚ್ಚರಿಸಿದಾಗ ಅದನ್ನೇ ಬಂದ್ ಮಾಡಿದ್ದ. ವಿಂಡೋಸ್ ಅಪ್‌ಡೇಟ್ ಆಗುತ್ತಿರುವಂತೆ ಒಂದು ಕಿಟಕಿ ಕಾಣಿಸಿತಂತೆ. ಆತ ಚಹಾ ಕುಡಿಯಲು ಹೋದ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಾಗಾದರೆ ಇನ್ನೊಂದು ಪ್ರತಿ? ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದ, ಪಾಪ. ಆದರೆ ಆ ಡಿಸ್ಕು ಹಗಲೂ ರಾತ್ರಿ ಅದೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇತ್ತು. ಅದಕ್ಕೂ ಕೀಲಿ ಬಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಮುಂದಿನ ಮದುವೆಗಳಿಗೆ ಬಳಸಿಯಾಗಿತ್ತು.

"ಅರ್ಧಾ ರೊಕ್ಕಾ ನಾನ ಹಾಕ್ತೀನ್ರಿ" ಎಂದ ಹುಡುಗ. ನನ್ನ ಮನಸ್ಸೂ ಒಂದು ಗಳಿಗೆ ಹೊಯ್ದಾಡಿತು, ಸುಳ್ಳು ಹೇಳಲಾರೆ. ಮನೆಗೆ ಬಂದು ವೈನಿಯನ್ನು ಕೇಳಿದರೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳ್ಳಗ ರೊಕ್ಕಾ ಕೊಟ್ಟು ಅವರ ದನಿ ತರೂದು ಬ್ಯಾಡ" ಎಂದಳು. ನಾವು ಕೊಡಲಿಲ್ಲ.

ಹದಿನೈದು ದಿನದ ಮೇಲೆ ಇಂಡಿಯಿಂದ ನಮ್ಮ ಸೋದರತ್ತೆ ಬಂದರು. ಅಲ್ಬಮಿಗೆ ಫೋಟೋ ಆರಿಸಲೆಂದು ಸ್ಟುಡಿಯೋದವನು ಕೊಟ್ಟಿದ್ದ ಪೆನ್‌ಡ್ರೈವನ್ನು ಅವರು ತಮ್ಮೂರಿಗೆ ಒಯ್ದು, ಇಳಕಲ್ ಸೀರೆಗಳ ನಡುವೆ ಇಟ್ಟು ಮರೆತಿದ್ದರು. ಅದರಲ್ಲಿ ಇನ್ನೂರಕ್ಕೂ ಮೇಲೆ ಫೋಟೋ ಸಿಕ್ಕವು. ಅಣ್ಣ ಅಕ್ಷತೆ ಹಾಕುತ್ತಿರುವುದು, ಮಗಳ ತಲೆಯ ಮೇಲೆ ಕೈಯಿಟ್ಟಿರುವುದು, ಎಲ್ಲವೂ ಇವೆ. ದನಿ ಮಾತ್ರ ಸಿಗಲಿಲ್ಲ.

ಏನಿದು ಈ ಕೀಲಿ?

ಚಿಕ್ಕವರಿದ್ದಾಗ ಅಕ್ಷರಕ್ಕೊಂದು 'ಕ' ಸೇರಿಸಿ 'ಕ' ಭಾಷೆ ಆಡುತ್ತಿದ್ದೆವಲ್ಲ? ಗುಟ್ಟು ಗೊತ್ತಿದ್ದವರಿಗೆ ಮಾತು, ಉಳಿದವರಿಗೆ ಬರೀ ಸದ್ದು. ಕಂಪ್ಯೂಟರಿನಲ್ಲಿರುವ ಫೋಟೋ, ಪತ್ರ, ಲೆಕ್ಕ ಎಲ್ಲವೂ ಒಳಗಿಂದೊಳಗೆ ಅಂಕಿಗಳೇ. ಈ ಪೀಡೆ ಆ ಅಂಕಿಗಳನ್ನು ಒಂದು ಗುಪ್ತ ಸೂತ್ರದಂತೆ ಕಲಸಿಬಿಡುತ್ತದೆ. ನಮ್ಮ 'ಕ' ಭಾಷೆಯನ್ನು ಜಾಣ ಹುಡುಗಿ ಅರ್ಧ ತಾಸಿನಲ್ಲಿ ಬಿಡಿಸಿಯಾಳು. ಕಳ್ಳನ ಸೂತ್ರ ನಿಂತಿರುವುದು ಬಹಳ ಉದ್ದನೆಯ ಒಂದು ಸಂಖ್ಯೆಯ ಮೇಲೆ. ಸರಿಯಾಗಿ ಕಲಸಿದ್ದಾದರೆ ಆ ಸಂಖ್ಯೆಯನ್ನು ಊಹಿಸಿ ಬಿಡಿಸುವುದು ದೊಡ್ಡ ದೊಡ್ಡ ಕಂಪ್ಯೂಟರುಗಳಿಗೂ ಆಗದ ಕೆಲಸ. ಆ ಸಂಖ್ಯೆಯೇ ಕೀಲಿಕೈ, ಅದು ಕಳ್ಳನ ಹತ್ತಿರ ಇರುತ್ತದೆ.

"ಆಮೇಲೆ ಒಳ್ಳೆಯ ಆಂಟಿವೈರಸ್ ಹಾಕಿಸಿದರೆ ಆಗದೇ?" ಎಂದು ಬಹಳ ಮಂದಿ ಕೇಳುತ್ತಾರೆ. ಅದು ಮನೆಯಲ್ಲಿ ಅಡಗಿರುವ ಕಳ್ಳನನ್ನು ಹೊರಗೆ ಹಾಕೀತು. ಅವನು ಜಡಿದ ಕೀಲಿಯನ್ನು ತೆಗೆಯುವುದು ಅದರ ಕೈಯಲ್ಲಿಲ್ಲ. ಹಾಲಿಗೆ ಹುಳಿ ಬಿದ್ದ ಮೇಲೆ ನಿಂಬೆಹಣ್ಣನ್ನು ಎತ್ತಿ ಹೊರಗೆಸೆದರೆ ಹಾಲು ಮೊದಲಿನಂತಾಗುವುದಿಲ್ಲ, ನೋಡಿ.

ಇದು ಇಂದು ನಿನ್ನೆಯ ವಿದ್ಯೆಯಲ್ಲ. 1989ರಲ್ಲಿಯೇ ಜೋಸೆಫ್ ಪಾಪ್ ಎಂಬ ಅಮೆರಿಕನ್ ವಿಜ್ಞಾನಿ ಏಡ್ಸ್ ರೋಗದ ಮಾಹಿತಿ ಇದೆಯೆಂದು ಸುಮಾರು 20,000 ಫ್ಲಾಪಿ ಡಿಸ್ಕುಗಳನ್ನು ಅಂಚೆಯಲ್ಲಿ ಕಳಿಸಿದ್ದ. ಅವನ್ನು ಹಾಕಿಕೊಂಡವರ ಕಂಪ್ಯೂಟರು ಕೆಲವು ದಿನ ಬಿಟ್ಟು ಕೈಕೊಟ್ಟು, ಪನಾಮಾ ದೇಶದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸೆಂದು ಕೇಳುತ್ತಿತ್ತು.

2017ರ ಮೇ 12ರಂದು ಬಂದ 'ವಾನಾಕ್ರೈ' ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಕೀಲಿ ಜಡಿಯಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ನಮ್ಮ ನೆರೆಯ ಕೇರಳದ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಗ್ರಾಮ ಪಂಚಾಯತಿ ಕಚೇರಿಗಳನ್ನೂ ಅದು ಬಿಡಲಿಲ್ಲ. ಗಮನಿಸಬೇಕಾದ್ದೆಂದರೆ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಕಂಪನಿ ಎರಡು ತಿಂಗಳು ಮೊದಲೇ, ಮಾರ್ಚಿಯಲ್ಲೇ ಬಿಡುಗಡೆ ಮಾಡಿತ್ತು. ತೇಪೆ ಹಚ್ಚಿಕೊಳ್ಳದವರ ಮನೆಗೆ ಕಳ್ಳ ಹೊಕ್ಕ.

2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರದಿ ಬಂತು. ಐದು ಸರ್ವರುಗಳಲ್ಲಿದ್ದ ಮಾಹಿತಿಗೆ ಕೀಲಿ ಬಿದ್ದು, ಎಷ್ಟೋ ದಿನ ವೈದ್ಯರು, ದಾದಿಯರು ಕಾಗದ ಪೆನ್ನು ಹಿಡಿದೇ ಕೆಲಸ ನಡೆಸಿದರು. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಗೆ ಈ ಪೀಡೆ ತಗಲಿದಾಗ, ದೇಶದ ಸುಮಾರು ಮುನ್ನೂರು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳಿಗೆ ಸ್ವಲ್ಪ ಕಾಲ ಹಣ ಕಳಿಸುವುದು, ತೆಗೆಯುವುದು ನಿಂತಿತ್ತು. ಆದ್ದರಿಂದ "ನಮ್ಮಂಥ ಬಡವರ ಹತ್ತಿರ ಏನೈತಂತ ಬರ್ತಾನ" ಎಂದು ನಗುವ ಹಾಗಿಲ್ಲ. ಈ ಕಳ್ಳ ಬಾಗಿಲು ನೋಡುತ್ತಾನೆಯೇ ಹೊರತು ಮನೆ ದೊಡ್ಡದೋ ಚಿಕ್ಕದೋ ನೋಡುವುದಿಲ್ಲ.

ಬೀಜದ ಕಾಳು

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಆದರೆ ಮುಂದಿನ ವರ್ಷಕ್ಕೆ ಬಿತ್ತುವ ಬೀಜವನ್ನು ನಮ್ಮ ಅಜ್ಜಿ ಹಗೇವಿಗೆ ಹಾಕಗೊಡುತ್ತಿರಲಿಲ್ಲ. ಆರಿಸಿ, ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆಯಿಟ್ಟು, ಗಡಿಗೆಯ ಬಾಯಿ ಮೆತ್ತಿ ಅಡುಗೆಮನೆಯ ಅಟ್ಟದ ಮೇಲೆ ಇಡುವಳು. ಸ್ವಲ್ಪ ಬೀಜ ತವರಿನವರ ಮನೆಯಲ್ಲೂ ಇರುತ್ತಿತ್ತು. ಹಗೇವಿಗೆ ನೀರು ಹೊಕ್ಕರೆ, ನುಸಿ ಬಿದ್ದರೆ ಆ ವರ್ಷದ ಊಟಕ್ಕೆ ತೊಂದರೆಯಾದೀತು, ಬಿತ್ತನೆ ನಿಲ್ಲಬಾರದು ಎಂಬುದು ಅವಳ ಲೆಕ್ಕ.

ಈ ಕಳ್ಳನಿಗೆ ಇರುವ ನಂಬಿಕೆಯ ಮದ್ದು ಇದೊಂದೇ: ಬೀಜದ ಕಾಳನ್ನು ಬೇರೆ ಇಡುವುದು. ಎರಡನೆಯ ಪ್ರತಿ ನಿಮ್ಮಲ್ಲಿದ್ದರೆ ಅವನ ಕೀಲಿಕೈಗೆ ಮೂರು ಕಾಸಿನ ಬೆಲೆಯಿಲ್ಲ. ಆದರೆ ಬೇರೆ ಎಂದರೆ ನಿಜವಾಗಿ ಬೇರೆ ಇರಬೇಕು. ನಮ್ಮ ಸ್ಟುಡಿಯೋದ ಹುಡುಗ ಎರಡನೆಯ ಪ್ರತಿ ಇಟ್ಟಿದ್ದ, ಆದರೆ ಅದು ಅದೇ ಹಗೇವಿನಲ್ಲೇ ಇತ್ತು. ಅತ್ತೆಯ ಸೀರೆಯ ನಡುವಿದ್ದ ಪೆನ್‌ಡ್ರೈವಿಗೆ ಯಾವ ತಂತಿಯೂ ಇರಲಿಲ್ಲ, ಅದಕ್ಕೇ ಉಳಿಯಿತು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬವರು ಹೇಳಿಕೊಟ್ಟ ಒಂದು ಸುಲಭ ಲೆಕ್ಕವಿದೆ, 3-2-1. ಬೇಕಾದ ವಸ್ತುವಿನ ಪ್ರತಿ ಮೂರು ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯಿಂದ ಹೊರಗಿರಲಿ. ಕಂಪ್ಯೂಟರಿನಲ್ಲೊಂದು, ಹಾರ್ಡ್‌ಡಿಸ್ಕಿನಲ್ಲೊಂದು, ತವರಿನಲ್ಲೊಂದು ಎಂದು ನೆನಪಿಡಿರಿ.

ಇಷ್ಟು ಮಾಡಿರಿ

1. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿರಿ. ಹುಣ್ಣಿಮೆಯೋ ಅಮಾವಾಸ್ಯೆಯೋ, ನೆನಪಿಗೆ ಯಾವುದು ಸುಲಭವೋ ಅದು. ಅಂದು ಹಾರ್ಡ್‌ಡಿಸ್ಕನ್ನು ಸಿಕ್ಕಿಸಿ, ಫೋಟೋ, ಲೆಕ್ಕ, ಕಾಗದಪತ್ರಗಳನ್ನು ಪ್ರತಿ ಮಾಡಿ, ನಾಲ್ಕೈದು ಕಡತಗಳನ್ನು ತೆರೆದು ನೋಡಿ, ಕೂಡಲೇ ತೆಗೆದು ಕಪಾಟಿನಲ್ಲಿಡಿರಿ. ತೆರೆದು ನೋಡುವುದನ್ನು ಮಾತ್ರ ಮರೆಯಬೇಡಿರಿ. ಉಪ್ಪಿನಕಾಯಿ ಭರಣಿಯನ್ನು ನಡುನಡುವೆ ತೆಗೆದು ನೋಡುವುದಿಲ್ಲವೇ, ಹಾಗೆ.

2. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಲ್ಲಿ ಇಟ್ಟರೆ ಒಳ್ಳೆಯದೇ. ಆದರೆ ಅವು ಕಂಪ್ಯೂಟರಿಗೆ ಜೋಡಿಸಿಕೊಂಡೇ ಇರುವುದರಿಂದ, ಇಲ್ಲಿ ಕೆಟ್ಟದ್ದು ಅಲ್ಲಿಗೂ ನಕಲಾಗುವುದುಂಟು. ಕೆಲವು ದಿನಗಳ ಹಿಂದಿನ ಪ್ರತಿಯನ್ನು ಮರಳಿ ತರುವ ಅನುಕೂಲ ಅವುಗಳಲ್ಲಿದೆ. ಅದನ್ನು ಮೊದಲೇ ಕಲಿತಿರಿ. ಇದೊಂದನ್ನೇ ನೆಚ್ಚಿ ಕೂರಬೇಡಿರಿ.

3. ಪುಕ್ಕಟೆ ಸಿಕ್ಕಿತೆಂದು ಕಳ್ಳ ಸಾಫ್ಟ್‌ವೇರ್ ತರಬೇಡಿರಿ. ಮನೆಯ ಹುಡುಗರಿಗೆ ಆಟದ ಆಸೆ, ದುಡಿಯುವವರಿಗೆ ಫೋಟೋ ತಿದ್ದುವ, ಅಕ್ಷರ ಜೋಡಿಸುವ ಸಾಫ್ಟ್‌ವೇರಿನ ಆಸೆ. ನಮ್ಮಂಥ ಸಣ್ಣ ಊರುಗಳ ಕಂಪ್ಯೂಟರಿಗೆ ಈ ಪೀಡೆ ಬರುವ ದೊಡ್ಡ ಬಾಗಿಲು ಇದೇ. ನ್ಯಾಯವಾಗಿಯೇ ಪುಕ್ಕಟೆ ಸಿಗುವ ಗಿಂಪ್, ಲಿಬ್ರೆ ಆಫೀಸ್ ಮುಂತಾದವು ಇವೆ. ಅವುಗಳನ್ನು ಅವುಗಳ ಸ್ವಂತ ತಾಣದಿಂದಲೇ ಪಡೆಯಬಹುದು.

4. ತೇಪೆ ಹಚ್ಚಿರಿ. ಅಪ್‌ಡೇಟ್ ಕೇಳಿದಾಗ "ಆಮೇಲೆ, ಆಮೇಲೆ" ಎಂದು ಮುಂದೂಡಬೇಡಿರಿ. ಹಾಗೆಂದು ಯಾವುದೋ ಅಂತರಜಾಲ ಪುಟದಲ್ಲಿ ಧುತ್ತೆಂದು ಎದ್ದ ಅಪ್‌ಡೇಟನ್ನು ನಂಬಬಾರದು. ಕಂಪ್ಯೂಟರಿನ ಸೆಟ್ಟಿಂಗ್ಸ್ ಒಳಗೆ ಹೋಗಿ ಮಾಡಬೇಕು. ವಿಂಡೋಸ್ 7 ಎಂದೋ ಹಳತಾಯಿತು. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಯಾವುದೆಂದು ವಿಚಾರಿಸಿಕೊಳ್ಳಿರಿ.

5. ವಿಂಡೋಸ್ ಒಳಗೇ ಒಂದು ಕಾವಲುಗಾರನಿದ್ದಾನೆ. 'ವಿಂಡೋಸ್ ಸೆಕ್ಯುರಿಟಿ' ತೆರೆದು, 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಎಂಬಲ್ಲಿ ಕೆಳಗೆ 'ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಎಂದಿರುತ್ತದೆ. ಅಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಸಾಮಾನ್ಯವಾಗಿ ಬಂದ್ ಇರುತ್ತದೆ, ಚಾಲು ಮಾಡಿರಿ. ಗುರುತಿಲ್ಲದ ಪ್ರೋಗ್ರಾಮು ನಿಮ್ಮ ಫೋಟೋ, ಕಡತಗಳನ್ನು ಬದಲಿಸಹೊರಟರೆ ಅದು ತಡೆಯುತ್ತದೆ. ಕಾಸು ಖರ್ಚಿಲ್ಲ. ಒಮ್ಮೊಮ್ಮೆ ಒಳ್ಳೆಯ ಪ್ರೋಗ್ರಾಮನ್ನೂ ತಡೆದು ಕಾಡೀತು. ಅದಕ್ಕೆ ಅಲ್ಲಿಯೇ ಅನುಮತಿ ಕೊಡಬಹುದು.

6. ಅಪರಿಚಿತರ ಮಿಂಚಂಚೆಯಲ್ಲಿ ಬಂದ ಬಿಲ್ಲು, ನೋಟೀಸು, ಕೊರಿಯರ್ ಚೀಟಿಗಳನ್ನು ತೆರೆಯುವ ಮೊದಲು ಹೆಸರಿನ ಬಾಲ ನೋಡಿರಿ. ಫೋಟೋ ಎಂದು ಹೇಳಿ ಕೊನೆಗೆ '.ಇಎಕ್ಸ್‌ಇ' ಎಂದಿದ್ದರೆ ಅದು ಫೋಟೋ ಅಲ್ಲ, ಪ್ರೋಗ್ರಾಮು. ಪರಿಚಿತರಿಂದಲೇ ಬಂದಿದ್ದರೂ ಅನುಮಾನವಿದ್ದರೆ ಒಂದು ಫೋನು ಮಾಡಿ ಕೇಳಿರಿ.

7. ಮೊಬೈಲಿನಲ್ಲೂ ಇದೇ ಎಚ್ಚರ. ಈಚೆಗೆ ವಾಟ್ಸಾಪಿನಲ್ಲಿ ಲಗ್ನಪತ್ರಿಕೆ, ಗಾಡಿಯ ದಂಡದ ಚೀಟಿ, ಕಿಸಾನ್ ಯೋಜನೆ ಎಂಬ ಹೆಸರಿನಲ್ಲಿ '.ಎಪಿಕೆ' ಕಡತಗಳು ಬರುತ್ತವೆ. ಇವು ಹೆಚ್ಚಾಗಿ ಬ್ಯಾಂಕಿನ ಗುಟ್ಟು ಕದಿಯಲು ಬರುವಂಥವು. ಫೋನಿಗೆ ಕೀಲಿ ಜಡಿಯುವಂಥವೂ ಇವೆ. ಲಗ್ನಪತ್ರಿಕೆ ನೋಡಲು ಯಾವ ಆಪ್ ಕೂಡ ಹಾಕಿಕೊಳ್ಳಬೇಕಾಗಿಲ್ಲ. ಕರೆಯುವವರು ಅರಿಶಿನ ಕುಂಕುಮ ಹಿಡಿದು ಮನೆಗೇ ಬಂದಾರು, ಇಲ್ಲವೆ ಬರಿಯ ಚಿತ್ರ ಕಳಿಸಿಯಾರು.

ಬಂದೇ ಬಿಟ್ಟರೆ?

ಗಾಬರಿಯಾಗಬೇಡಿರಿ. ಮೊದಲು ಅಂತರಜಾಲದ ತಂತಿ ಕೀಳಿರಿ, ವೈಫೈ ಬಂದ್ ಮಾಡಿರಿ, ಸಿಕ್ಕಿಸಿದ ಡಿಸ್ಕು, ಪೆನ್‌ಡ್ರೈವುಗಳನ್ನು ತೆಗೆಯಿರಿ. ಪೀಡೆ ಇನ್ನೊಂದು ಕಂಪ್ಯೂಟರಿಗೆ ಹಬ್ಬದಿರಲಿ. ಪರದೆಯ ಮೇಲಿನ ಚೀಟಿಯನ್ನು ಮೊಬೈಲಿನಿಂದ ಫೋಟೋ ತೆಗೆದಿಡಿರಿ.

ಒತ್ತೆಹಣ ಕೊಡಬೇಡಿರಿ. ಕೊಟ್ಟವರಿಗೆಲ್ಲ ಕೀಲಿಕೈ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಇವಳು ಕೊಡುವವಳು ಎಂದು ತಿಳಿದರೆ ಇನ್ನೊಮ್ಮೆ ಕೇಳಲಿಕ್ಕೂ ಸಾಕು. ಆ ಹಣದಿಂದಲೇ ಅವನು ಮುಂದಿನ ಮನೆಗೆ ಹೋಗುತ್ತಾನೆ. ಅಂತರಜಾಲದಲ್ಲಿ "ನಾವು ಬಿಡಿಸಿಕೊಡುತ್ತೇವೆ" ಎಂದು ಮುಂಗಡ ಕೇಳುವವರಲ್ಲೂ ಮೋಸಗಾರರು ಬಹಳ.

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ತಾಣದಲ್ಲಿ ದೂರು ಕೊಡಬಹುದು. ವಿಜಯಪುರದ ಸಿಇಎನ್ ಪೊಲೀಸ್ ಠಾಣೆ ಇಂಥ ಅಪರಾಧಗಳಿಗೆಂದೇ ಇರುವುದು. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ. ಆ ಕಂಪ್ಯೂಟರಿನಲ್ಲಿ ಬಳಸಿದ ಗುಪ್ತಪದಗಳನ್ನೆಲ್ಲ ಬೇರೊಂದು ಸಾಧನದಿಂದ ಬದಲಿಸಿರಿ. ಕೀಲಿ ಜಡಿಯಲು ಬಂದವನು ಅವನ್ನೂ ಕದ್ದಿರಬಹುದು.

ಇನ್ನೊಂದು ಮಾತು. ಕೀಲಿ ಬಿದ್ದ ಕಡತಗಳನ್ನು ಅಳಿಸಬೇಡಿರಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು ಮತ್ತು ಕೆಲವು ಕಂಪನಿಗಳು ಸೇರಿ 2016ರಲ್ಲಿ 'ನೋ ಮೋರ್ ರ‍್ಯಾನ್ಸಮ್' ಎಂಬ ತಾಣ ತೆರೆದಿದ್ದಾರೆ. ಅಲ್ಲಿ ಕೀಲಿ ಬಿದ್ದ ಒಂದೆರಡು ಕಡತ, ಆ ಚೀಟಿ ಕೊಟ್ಟರೆ ಯಾವ ಜಾತಿಯ ಪೀಡೆ, ಅದಕ್ಕೆ ಕೀಲಿಕೈ ಸಿಕ್ಕಿದೆಯೇ ಎಂದು ತಿಳಿಸುತ್ತಾರೆ. ಹಣವಿಲ್ಲ. ನಮ್ಮ ಸ್ಟುಡಿಯೋಕ್ಕೆ ಬಂದ 'ಸ್ಟಾಪ್' ಎಂಬ ಜಾತಿಯ 148 ಬಗೆಗಳಿಗೆ ಎಮ್ಸಿಸಾಫ್ಟ್ ಎಂಬ ಕಂಪನಿ 2019ರಲ್ಲಿ ಬಿಡಿಸುವ ಸಾಧನ ಕೊಟ್ಟಿತು. ನಮಗೆ ತಗಲಿದ್ದು ಅದರ ನಂತರ ಹುಟ್ಟಿದ ಬಗೆ, ಆ ಸಾಧನಕ್ಕೆ ಬಗ್ಗಲಿಲ್ಲ. ಆದರೂ ಇವತ್ತಿಲ್ಲದ ಕೀಲಿಕೈ ನಾಳೆ ಸಿಕ್ಕದ್ದುಂಟು.

ಮುದ್ದೇಬಿಹಾಳದ ಸೋದರಿಗೆ ನನ್ನ ಉತ್ತರವಿಷ್ಟು: ಸಂಘದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದ್ದು ಒಳ್ಳೆಯದೇ, ಹೆದರಿ ಬಿಡಬೇಡಿರಿ. ಪ್ರತಿ ಸಭೆಯ ನಂತರ ಒಂದು ಹಾಳೆ ಅಚ್ಚು ತೆಗೆದು ಹಳೆಯ ಕಡತದಲ್ಲಿ ಸೇರಿಸಿರಿ, ಸದಸ್ಯರ ಸಹಿ ಹಾಕಿಸಿರಿ. ಎರಡು ಪೆನ್‌ಡ್ರೈವ್ ಕೊಳ್ಳಿರಿ. ಒಂದು ಅಧ್ಯಕ್ಷೆಯ ಮನೆಯಲ್ಲಿ, ಇನ್ನೊಂದು ಖಜಾಂಚಿಯ ಮನೆಯಲ್ಲಿರಲಿ. ಒಂದು ಸಭೆಗೆ ಒಂದು, ಮುಂದಿನ ಸಭೆಗೆ ಇನ್ನೊಂದು ಎಂದು ಸರದಿಯಂತೆ ತಂದು ಪ್ರತಿ ಮಾಡಿಕೊಳ್ಳಿರಿ. ಆಗ ಎರಡೂ ಒಟ್ಟಿಗೆ ಕಂಪ್ಯೂಟರಿಗೆ ತಗಲುವ ಪ್ರಸಂಗವೇ ಬರುವುದಿಲ್ಲ.

ನಮ್ಮ ಹುಡುಗಿಗೆ ಈಗ ಎರಡು ವರ್ಷದ ಮಗನಿದ್ದಾನೆ. ಅವನ ಮೊದಲ ತೊದಲು ಮಾತುಗಳನ್ನು ಅವಳು ಮೂರು ಕಡೆ ಇಟ್ಟಿದ್ದಾಳೆ. ಒಂದು ಪ್ರತಿ ಇಂಡಿಯ ಅತ್ತೆಯ ಸೀರೆಗಳ ನಡುವೆಯೇ ಇದೆ. ಕೀಲಿ ಬಿದ್ದ ಆ ಮದುವೆಯ ವಿಡಿಯೋವನ್ನೂ ಒಂದು ಡಿಸ್ಕಿಗೆ ಹಾಕಿಸಿಕೊಂಡು, ಅರಿವೆಯಲ್ಲಿ ಸುತ್ತಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ಕೀಲಿಕೈ ಬಂದಿದೆಯೇ ಎಂದು ನೋಡುತ್ತಾಳೆ. ಇನ್ನೂ ಬಂದಿಲ್ಲ.

ನೀವು ಈ ಪುಟ ಮಡಿಚಿಡುವ ಮೊದಲು ಎದ್ದು, ಕಂಪ್ಯೂಟರಿನ ಹಿಂದೆ ಹಾರ್ಡ್‌ಡಿಸ್ಕು ಸಿಕ್ಕಿಸಿಕೊಂಡೇ ಇದೆಯೋ ಏನೋ ನೋಡಿ ಬನ್ನಿರಿ.